ಓಝೋನ್ ರಕ್ಷಣೆ ಮತ್ತು ಶೈತ್ಯಯಂತ್ರ ಮೆಕ್ಯಾನಿಕ್‌ಗಳ ತರಬೇತಿ: ಆಳಂದ, ಅಫಜಲಪುರ, ಜೇವರ್ಗಿ

ಫ್ರಿಜ್, ಎಸಿ, ಡೀಪ್ ಫ್ರೀಜರ್, ವಾಟರ್ ಕೂಲರ್‌ಗಳನ್ನು ರಿಪೇರಿ ಮಾಡುವಾಗ ಒಳಗಿನ ಅನಿಲ ಗಾಳಿಗೆ ಸೇರದಂತೆ ಕೆಲಸ ಮಾಡುವ ಪದ್ಧತಿಯನ್ನು ಮೆಕ್ಯಾನಿಕ್‌ಗಳಿಗೆ ಕಲಿಸುವ ಕಾರ್ಯಕ್ರಮಗಳು ಭಾರತದಲ್ಲಿ 1990ರ ದಶಕದ ಕೊನೆಯ ಭಾಗದಲ್ಲಿ ಕಾಲೂರಿದವು. ಓಝೋನ್ ರಕ್ಷಣೆಯ ಮಾಂಟ್ರಿಯಲ್ ಒಪ್ಪಂದದ ಹೊಣೆಯಿಂದ ಹುಟ್ಟಿದ ಈ ತರಬೇತಿ ಮೊದಲು ನಗರಗಳ ಕಂಪನಿ ತಂತ್ರಜ್ಞರಿಗೆ, ಬಳಿಕ ಬೀದಿಬದಿಯ ಅಂಗಡಿಗಳಿಗೆ ಹರಡುತ್ತ ಬಂದಿದೆ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಯಂಥ ತಾಲ್ಲೂಕುಗಳು ಈ ಚರಿತ್ರೆಯ ಕಷ್ಟದ ಕೊನೆ. ಯಂತ್ರ ತಯಾರಾಗುವುದು ಬೇರೆಲ್ಲೋ, ಅನಿಲ ತಯಾರಾಗುವುದು ಬೇರೆಲ್ಲೋ. ಆ ಅನಿಲ ಹೊರಬೀಳುವುದು ಮಾತ್ರ ಇಂಥ ಊರುಗಳ ಬಜಾರಿನಲ್ಲಿ.

ಅನಿಲದ ಹಿನ್ನೆಲೆ

20ನೆಯ ಶತಮಾನದ ಮೊದಲ ದಶಕಗಳ ಫ್ರಿಜ್‌ಗಳಲ್ಲಿ ಅಮೋನಿಯಾ, ಸಲ್ಫರ್ ಡೈಆಕ್ಸೈಡ್, ಮೀಥೈಲ್ ಕ್ಲೋರೈಡ್ ಓಡಾಡುತ್ತಿದ್ದವು. ಸೋರಿದರೆ ಮನೆಮಂದಿಗೇ ಅಪಾಯ. ಅಮೆರಿಕದ ಥಾಮಸ್ ಮಿಡ್ಜ್‌ಲಿ ಮತ್ತು ಸಂಗಡಿಗರು 1928ರಲ್ಲಿ ರೂಪಿಸಿದ ಕ್ಲೋರೋಫ್ಲೋರೋಕಾರ್ಬನ್ (ಸಿಎಫ್‌ಸಿ) ವಿಷವಲ್ಲ, ಉರಿಯುವುದಿಲ್ಲ, ಲೋಹವನ್ನು ತಿನ್ನುವುದಿಲ್ಲ. 1930ರಲ್ಲಿ ಮಿಡ್ಜ್‌ಲಿ ರಸಾಯನ ವಿಜ್ಞಾನಿಗಳ ಸಭೆಯಲ್ಲಿ ಅದನ್ನು ಉಸಿರಿಗೆ ಎಳೆದುಕೊಂಡು, ಅದೇ ಉಸಿರಿನಿಂದ ಮೇಣದ ಬತ್ತಿ ಆರಿಸಿ ತೋರಿಸಿದರು. ಮುಂದಿನ ಐವತ್ತು ವರ್ಷ ಮೆಕ್ಯಾನಿಕ್‌ಗಳಿಗೆ ಈ ಅನಿಲದ ಬಗ್ಗೆ ಯಾವ ಭಯವೂ ಇರಲಿಲ್ಲ. ಸೋರಿದರೆ ನಷ್ಟ ದುಡ್ಡಿನದ್ದಷ್ಟೇ ಎಂಬ ನಂಬಿಕೆ ಕಸುಬಿನೊಳಗೆ ಬೇರುಬಿಟ್ಟಿತು. ತರಬೇತಿ ಎದುರಿಸಬೇಕಾಗಿ ಬಂದದ್ದು ಮುಖ್ಯವಾಗಿ ಈ ನಂಬಿಕೆಯನ್ನೇ.

1974ರಲ್ಲಿ ಮಾರಿಯೊ ಮೊಲಿನಾ ಮತ್ತು ಶೆರ್‌ವುಡ್ ರೋಲೆಂಡ್ ಈ ಅನಿಲ ಕೆಳಗೆಲ್ಲೂ ಒಡೆಯದೆ ವಾಯುಮಂಡಲದ ಮೇಲ್ಪದರಕ್ಕೆ ಏರಿ, ಅಲ್ಲಿ ಅತಿನೇರಳೆ ಕಿರಣಕ್ಕೆ ಸಿಕ್ಕಿ ಕ್ಲೋರಿನ್ ಬಿಡುತ್ತದೆ ಎಂದು ಲೆಕ್ಕ ಹಾಕಿದರು. ಒಂದು ಕ್ಲೋರಿನ್ ಪರಮಾಣು ಓಝೋನಿನ ಸುಮಾರು ಒಂದು ಲಕ್ಷ ಅಣುಗಳನ್ನು ಒಡೆಯಬಲ್ಲದು. 1985ರಲ್ಲಿ ಜೋಸೆಫ್ ಫಾರ್ಮನ್ ಮತ್ತಿಬ್ಬರು ಬ್ರಿಟಿಷ್ ವಿಜ್ಞಾನಿಗಳು ಅಂಟಾರ್ಕ್ಟಿಕದ ಮೇಲೆ ಓಝೋನ್ ತೆಳುವಾಗಿರುವುದನ್ನು ಅಳತೆಯ ಸಮೇತ ಪ್ರಕಟಿಸಿದರು. ಅದೇ ವರ್ಷ ಓಝೋನ್ ರಕ್ಷಣೆಗಾಗಿ ವಿಯೆನ್ನಾ ಒಡಂಬಡಿಕೆಯಾಯಿತು. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿತ್ತು. ಆ ದಿನವೇ ಈಗ ಓಝೋನ್ ದಿನ.

ಭಾರತ ಸೇರಿದ ಬಗೆ

ಭಾರತ ಕೂಡಲೇ ಸಹಿ ಹಾಕಲಿಲ್ಲ. ಮಾಲಿನ್ಯದ ಬಹುಪಾಲು ಶ್ರೀಮಂತ ದೇಶಗಳದ್ದು, ಬದಲಾವಣೆಯ ಖರ್ಚನ್ನು ಬಡ ದೇಶಗಳು ಏಕೆ ಹೊರಬೇಕು ಎಂಬುದು ಭಾರತ, ಚೀನಾಗಳ ವಾದ. 1990ರ ಲಂಡನ್ ಸಭೆಯಲ್ಲಿ ಆ ಖರ್ಚಿಗೆ ನೆರವಾಗುವ ಬಹುಪಕ್ಷೀಯ ನಿಧಿಗೆ ಒಪ್ಪಿಗೆ ಸಿಕ್ಕ ಮೇಲೆ ದಾರಿ ಸುಗಮವಾಯಿತು. ಭಾರತ 1991ರಲ್ಲಿ ವಿಯೆನ್ನಾ ಒಡಂಬಡಿಕೆಗೆ, 1992ರಲ್ಲಿ ಮಾಂಟ್ರಿಯಲ್ ಒಪ್ಪಂದಕ್ಕೆ ಸೇರಿತು. ತಾಲ್ಲೂಕಿನ ಮೆಕ್ಯಾನಿಕ್‌ಗೆ ಇವತ್ತು ಪುಕ್ಕಟೆ ತರಬೇತಿ ಸಿಗುವುದಕ್ಕೆ ಆ ಚೌಕಾಸಿಯೇ ಮೂಲ. ನಿಧಿ ಇಲ್ಲದೆ ಹೋಗಿದ್ದರೆ ಇಡೀ ವ್ಯವಸ್ಥೆ ಕಾರ್ಖಾನೆಗಳ ಗೇಟಿನಲ್ಲೇ ನಿಲ್ಲುತ್ತಿತ್ತು.

ಕೇಂದ್ರ ಪರಿಸರ ಸಚಿವಾಲಯದ ಓಝೋನ್ ಘಟಕ ಈ ಕೆಲಸದ ಕೇಂದ್ರವಾಯಿತು. 1993ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಸಿದ್ಧವಾಯಿತು. ಓಝೋನ್ ನಾಶಕ ವಸ್ತುಗಳ ನಿಯಂತ್ರಣ ನಿಯಮಗಳು 2000ದ ಜುಲೈನಲ್ಲಿ ಜಾರಿಗೆ ಬಂದು, ಉತ್ಪಾದನೆ, ಆಮದು, ಮಾರಾಟಕ್ಕೆ ನೋಂದಣಿ ಕಡ್ಡಾಯವಾಯಿತು. 2003ರ ಜನವರಿ 1ರಿಂದ ಸಿಎಫ್‌ಸಿ ತುಂಬಿದ ಹೊಸ ಫ್ರಿಜ್ ತಯಾರಿಸುವಂತಿರಲಿಲ್ಲ. ಆದರೆ ಹಳೆಯ ಫ್ರಿಜ್‌ಗಳು ಹದಿನೈದು, ಇಪ್ಪತ್ತು ವರ್ಷ ಬಾಳುವ ವಸ್ತು. ಪಟ್ಟಣದ ಮನೆಯಲ್ಲಿ ಹಳತಾದದ್ದು ಹಳ್ಳಿಯ ಕಿರಾಣಿ ಅಂಗಡಿಗೆ ಸೆಕೆಂಡ್ ಹ್ಯಾಂಡ್ ಆಗಿ ಬಂದು ಮತ್ತೆ ಹತ್ತು ಬೇಸಿಗೆ ಕಳೆಯುತ್ತದೆ. ಕಾನೂನು ಹೊಸ ಯಂತ್ರಕ್ಕೆ ಬೀಗ ಹಾಕಿತೇ ಹೊರತು ಹಳೆಯದರ ರಿಪೇರಿಗೆ ಅಲ್ಲ. ಅದಕ್ಕೆ ಉಳಿದ ದಾರಿ ತರಬೇತಿ ಒಂದೇ.

ಸ್ವಿಟ್ಜರ್ಲೆಂಡ್, ಜರ್ಮನಿಗಳ ನೆರವಿನ ಎಕೋಫ್ರಿಗ್ ಯೋಜನೆ 1990ರ ದಶಕದಲ್ಲಿ ಸಿಎಫ್‌ಸಿ ಬದಲು ಹೈಡ್ರೋಕಾರ್ಬನ್ ಬಳಸುವ ತಂತ್ರವನ್ನು ಭಾರತದ ತಯಾರಕರಿಗೆ ಪರಿಚಯಿಸಿತು. ದಶಕದ ಕೊನೆಗೆ ಬಂದ ಸ್ವಿಸ್ ನೆರವಿನ ಹೈಡೆಕೋರ್ ಯೋಜನೆ ಸಣ್ಣ ರಿಪೇರಿ ಅಂಗಡಿಗಳನ್ನು ಗುರಿಯಾಗಿಸಿಕೊಂಡಿತು. ಕಸುಬನ್ನು ನಡೆಸುತ್ತಿರುವುದು ದೊಡ್ಡ ಕಂಪನಿಗಳ ಸರ್ವಿಸ್ ಸೆಂಟರ್ ಅಲ್ಲ, ಒಂದು ಗೇಜು, ಒಂದು ಗ್ಯಾಸ್ ವೆಲ್ಡಿಂಗ್ ಸೆಟ್ಟು ಇಟ್ಟುಕೊಂಡ ಒಬ್ಬಂಟಿ ಎಂಬ ಸತ್ಯವನ್ನು ಯೋಜನೆಯ ಮಟ್ಟದಲ್ಲಿ ಒಪ್ಪಿಕೊಂಡದ್ದು ಆಗ. 2004ರಲ್ಲಿ ಆರಂಭವಾದ ರಾಷ್ಟ್ರೀಯ ಸಿಎಫ್‌ಸಿ ಬಳಕೆ ನಿರ್ಮೂಲನ ಯೋಜನೆ ಅದನ್ನೇ ದೇಶದುದ್ದಕ್ಕೆ ವಿಸ್ತರಿಸಿ, ರೈಲ್ವೆಯ ಎಸಿ ಬೋಗಿಗಳ ಸಿಬ್ಬಂದಿಯನ್ನೂ ಒಳಗೊಂಡಿತು. 2008ರ ಆಗಸ್ಟ್ 1ರಂದು ಭಾರತ ಸಿಎಫ್‌ಸಿ ಉತ್ಪಾದನೆ ನಿಲ್ಲಿಸಿತು. ಅದು ಗಡುವಿಗಿಂತ 17 ತಿಂಗಳು ಮುಂಚೆ.

ಮೂರು ತಾಲ್ಲೂಕುಗಳ ಕಸುಬು

ಆಳಂದ ಮತ್ತು ಅಫಜಲಪುರ ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡಿವೆ. ಜೇವರ್ಗಿ ಕಲಬುರಗಿಯಿಂದ ಕಟ್ಟಿಸಂಗಾವಿಯಲ್ಲಿ ಭೀಮಾ ನದಿ ದಾಟಿದ ಮೇಲೆ ಸಿಗುತ್ತದೆ. ತೊಗರಿಯ ಸೀಮೆ. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 42 ಡಿಗ್ರಿ ದಾಟುವುದು ಮಾಮೂಲು. ಇಲ್ಲಿ ಫ್ರಿಜ್ ಮೊದಲು ನೆಲೆಯೂರಿದ್ದು ಅಂಗಡಿಗಳಲ್ಲಿ: ತಂಪು ಪಾನೀಯ, ಐಸ್‌ಕ್ರೀಂ, ಔಷಧ, ಹಾಲು. ದೇವಲ ಗಾಣಗಾಪುರದ ದತ್ತನ ಯಾತ್ರೆ, ಆಳಂದದ ಲಾಡ್ಲೆ ಮಶಾಕ್ ದರ್ಗಾದ ಉರುಸಿನ ದಿನಗಳಲ್ಲಿ ತಂಪು ಪೆಟ್ಟಿಗೆ ಕೆಟ್ಟರೆ ವ್ಯಾಪಾರಿಗೆ ಇಡೀ ಸೀಜನ್ ಹೋದಂತೆ. ಬ್ಯಾಂಕು, ಆಸ್ಪತ್ರೆ, ಶೋರೂಮುಗಳ ಎಸಿ ಈಗ ತಾಲ್ಲೂಕು ಕೇಂದ್ರಗಳಲ್ಲೂ ಸಾಮಾನ್ಯ.

ಕಸುಬಿನ ಕಲಿಕೆ ಮಾತ್ರ ಬಹುಕಾಲ ಉಸ್ತಾದರ ಕೈಕೆಳಗೇ ನಡೆಯಿತು. ನಿಜಾಮರ ಆಳ್ವಿಕೆಗೆ ಸೇರಿದ್ದ ಈ ಸೀಮೆಯ ವರ್ಕ್‌ಶಾಪುಗಳಲ್ಲಿ ಗುರುವಿಗೆ ಆ ಹೆಸರು ಇಂದಿಗೂ ಬಳಕೆಯಲ್ಲಿದೆ. ಐಟಿಐಗಳಲ್ಲಿ ರೆಫ್ರಿಜರೇಷನ್ ಮತ್ತು ಏರ್ ಕಂಡಿಷನಿಂಗ್‌ನ ಎರಡು ವರ್ಷದ ಟ್ರೇಡ್ ಇದೆ. ಆದರೆ ತಾಲ್ಲೂಕು ಮಟ್ಟದಲ್ಲಿ ಹುಡುಗರು ಹೆಚ್ಚಾಗಿ ಸೇರುವುದು ಎಲೆಕ್ಟ್ರಿಷಿಯನ್, ಫಿಟ್ಟರ್‌ಗೆ. ಮೋಟಾರು ಕಟ್ಟುವವನು ಕಂಪ್ರೆಸರ್ ಬಿಚ್ಚಲು ಕಲಿತು, ಅಲ್ಲಿಂದ ಗ್ಯಾಸ್ ತುಂಬಲು ಕಲಿತು ಮೆಕ್ಯಾನಿಕ್ ಆಗುತ್ತಾನೆ. ಈ ದಾರಿ ಕೀಳೇನಲ್ಲ: ವೋಲ್ಟೇಜ್ ಏರಿಳಿತದಿಂದ ಕಂಪ್ರೆಸರ್ ಸುಡುವ ಊರಿನಲ್ಲಿ ವಿದ್ಯುತ್ತು ಗೊತ್ತಿರುವವನೇ ಮೇಲು. ಆದರೆ ಈ ಪರಂಪರೆಯಲ್ಲಿ ಅನಿಲಕ್ಕೆ ಬೆಲೆ ಇರಲಿಲ್ಲ. ಉಸ್ತಾದರು ಕಲಿಸಿದ್ದು ತಂಪು ತರುವುದನ್ನು. ಅನಿಲ ಉಳಿಸುವುದು ಪಾಠದಲ್ಲೇ ಇರಲಿಲ್ಲ.

ಹಳೆಯ ಕೈ, ಹೊಸ ಕೈ

“ಕೂಲಿಂಗ್ ಆಗವಲ್ದುರೀ, ಗ್ಯಾಸ್ ಹಾಕ್ರಿ” ಎಂದು ಗಿರಾಕಿ ಬರುತ್ತಾನೆ. ಫ್ರಿಜ್ ಅನಿಲವನ್ನು ಪೆಟ್ರೋಲಿನಂತೆ ತಿನ್ನುವುದಿಲ್ಲ; ಕಡಿಮೆಯಾಗಿದ್ದರೆ ಎಲ್ಲೋ ತೂತು ಬಿದ್ದಿದೆ ಎಂದೇ ಅರ್ಥ. ಹಳೆಯ ಪದ್ಧತಿಯಲ್ಲಿ ಮೆಕ್ಯಾನಿಕ್ ಪ್ರೊಸೆಸ್ ಟ್ಯೂಬ್ ಕತ್ತರಿಸಿ ಉಳಿದದ್ದನ್ನು ಬುಸ್ ಎಂದು ಹೊರಬಿಡುತ್ತಿದ್ದ. ಕೊಳವೆಯೊಳಗಿನ ಕಸ ತೊಳೆಯಲೂ ಅದೇ ಅನಿಲ, ಲೀಕ್ ಹುಡುಕಲೂ ಅದೇ ಅನಿಲ, ಹೋಸಿನೊಳಗಿನ ಗಾಳಿ ಓಡಿಸಲೂ ಅದೇ. ವ್ಯಾಕ್ಯೂಮ್ ಪಂಪ್ ಇಲ್ಲದವರು ಫ್ರಿಜ್‌ನ ಕಂಪ್ರೆಸರನ್ನೇ ಓಡಿಸಿ ಗಾಳಿ ಎಳೆಸುತ್ತಿದ್ದರು. ತೇವ ಒಳಗೇ ಉಳಿದು ಸಣ್ಣ ಕ್ಯಾಪಿಲರಿ ಕೊಳವೆ ಕಟ್ಟಿಕೊಳ್ಳುತ್ತಿತ್ತು. ಕೊನೆಗೆ ತೂಕ ನೋಡದೆ, ಹಿಮ ಕಟ್ಟುವ ಗೆರೆಯನ್ನು ಬೆರಳಿನಿಂದ ಮುಟ್ಟಿ ಅಂದಾಜಿನಲ್ಲಿ ಅನಿಲ ತುಂಬಿ ಮುಗಿಸುವುದು. ಮೂಲ ತೂತು ಮುಚ್ಚದಿದ್ದರೆ ಕೆಲವೇ ತಿಂಗಳಿಗೆ ಅದೇ ಗಿರಾಕಿ, ಅದೇ ಮಾತು.

ಸರಿಯಾದ ದುರಸ್ತಿ ಕ್ರಮ ಎಂದು ತರಬೇತಿಯಲ್ಲಿ ಹೇಳಿಕೊಡುವುದು ಈ ಒಂದೊಂದು ಹಂತವನ್ನೂ ತಿರುಗಿಸುತ್ತದೆ. ಇರುವ ಅನಿಲವನ್ನು ರಿಕವರಿ ಯಂತ್ರದಿಂದ ಸಿಲಿಂಡರಿಗೆ ಎಳೆದುಕೊಳ್ಳಬೇಕು. ಒತ್ತಡ ಕೊಟ್ಟು ಪರೀಕ್ಷಿಸಲು ಒಣ ನೈಟ್ರೋಜನ್, ಲೀಕ್ ಹಿಡಿಯಲು ಸೋಪಿನ ನೀರು. ವೆಲ್ಡಿಂಗ್ ಸೆಟ್ಟಿನ ಆಕ್ಸಿಜನ್ನನ್ನೇ ಕೊಳವೆಗೆ ಹಾಯಿಸಿ ಪರೀಕ್ಷಿಸುವ ಚಾಳಿ ಇದ್ದವರಿಗೆ, ಒತ್ತಡದ ಆಕ್ಸಿಜನ್ ಕಂಪ್ರೆಸರಿನ ಎಣ್ಣೆಗೆ ತಾಗಿದರೆ ಸ್ಫೋಟವಾಗುತ್ತದೆಂದು ಬಿಡಿಸಿ ಹೇಳಬೇಕಾಗುತ್ತದೆ. ನಂತರ ಫಿಲ್ಟರ್ ಬದಲು, ಎರಡು ಹಂತದ ಪಂಪಿನಿಂದ ಆಳವಾದ ವ್ಯಾಕ್ಯೂಮ್, ಅದು ನಿಲ್ಲುತ್ತದೆಯೇ ಎಂದು ಕಾದು ನೋಡುವುದು, ಕಂಪನಿ ಫಲಕದಲ್ಲಿ ಬರೆದಷ್ಟೇ ಗ್ರಾಂ ಅನಿಲವನ್ನು ತಕ್ಕಡಿಯಲ್ಲಿ ತೂಗಿ ತುಂಬುವುದು.

ಇದರಲ್ಲಿ ತಿಳಿಯಲು ಕಷ್ಟವಾದದ್ದು ಏನೂ ಇಲ್ಲ. ಕಷ್ಟ ಇರುವುದು ಲೆಕ್ಕದಲ್ಲಿ. ಮೇ ತಿಂಗಳಲ್ಲಿ ದಿನಕ್ಕೆ ನಾಲ್ಕೈದು ಮನೆಗೆ ಬೈಕಿನ ಮೇಲೆ ಓಡುವವನಿಗೆ ಒಂದೇ ಫ್ರಿಜ್ ಮುಂದೆ ಅರ್ಧ ದಿನ ಕೂರಲು ಗಿರಾಕಿ ಕೂಲಿ ಕೊಡುವುದಿಲ್ಲ. ರಿಕವರಿ ಯಂತ್ರ, ಪಂಪು, ನೈಟ್ರೋಜನ್ ಸಿಲಿಂಡರನ್ನು ಬೈಕಿನಲ್ಲಿ ಕಟ್ಟಿಕೊಂಡು ಹಳ್ಳಿಗೆ ಹೋಗುವುದೂ ಆಗದ ಮಾತು. ಅಗ್ಗದ ಅನಿಲ, ದುಬಾರಿ ಉಪಕರಣ ಇರುವವರೆಗೆ ಪ್ರಮಾಣಪತ್ರ ಗೋಡೆಯ ಮೇಲೆ ಉಳಿಯುತ್ತದೆ, ಹಳೆಯ ಕೈ ಕೆಲಸ ಮಾಡುತ್ತದೆ. ಇದನ್ನು ಕಂಡೇ ರಾಷ್ಟ್ರೀಯ ಯೋಜನೆಗಳು ಐಟಿಐಗಳಿಗೂ ಸರ್ವಿಸ್ ಅಂಗಡಿಗಳಿಗೂ ಉಪಕರಣ ನೆರವನ್ನು ಸೇರಿಸಿಕೊಂಡವು. ಕ್ರಮಕ್ಕೆ ಒಲಿದವರು ಬಹುಮಟ್ಟಿಗೆ ಓಝೋನಿಗಾಗಿ ಒಲಿದದ್ದಲ್ಲ. ಸರಿಯಾಗಿ ವ್ಯಾಕ್ಯೂಮ್ ಮಾಡಿದ ಕೆಲಸ ವಾಪಸ್ ಬರುವುದಿಲ್ಲ, ಗ್ಯಾರಂಟಿ ಕೊಟ್ಟು ಹೆಚ್ಚು ಮಜೂರಿ ಕೇಳಬಹುದು ಎಂಬುದು ಅವರಿಗೆ ಹಿಡಿಸಿದ ವಾದ.

ಆರ್-22ರ ಸರದಿ

ಸಿಎಫ್‌ಸಿ ಮುಗಿದ ಮೇಲೆ ಗಮನ ಎಚ್‌ಸಿಎಫ್‌ಸಿ-22, ಅಂದರೆ ಎಸಿ ಮೆಕ್ಯಾನಿಕ್‌ಗಳ ಬಾಯಲ್ಲಿರುವ ಆರ್-22ರ ಕಡೆ ಹೊರಳಿತು. ಸಿಎಫ್‌ಸಿಯ ಆರ್-12ರ ಓಝೋನ್ ಹಾನಿಯನ್ನು 1 ಎಂದು ಹಿಡಿದರೆ ಆರ್-22ರದ್ದು 0.055. ಕಡಿಮೆಯೇ, ಆದರೆ ಬಳಕೆ ಅಪಾರ. ಹಾಲು ತಂಪಿಡುವ ಬಲ್ಕ್ ಮಿಲ್ಕ್ ಕೂಲರ್ (ಬಿಎಂಸಿ) ತೊಟ್ಟಿಯಿಂದ ವಿಂಡೋ ಎಸಿಯವರೆಗೆ ಅದೇ. 2012ರಿಂದ 2016ರವರೆಗಿನ ಎಚ್‌ಸಿಎಫ್‌ಸಿ ನಿರ್ಮೂಲನ ಯೋಜನೆಯ ಮೊದಲ ಹಂತದಲ್ಲಿ ದೇಶದಲ್ಲಿ 11 ಸಾವಿರಕ್ಕೂ ಹೆಚ್ಚು ಮೆಕ್ಯಾನಿಕ್‌ಗಳು ತರಬೇತಿ ಪಡೆದರು. 2017ರ ಮಾರ್ಚ್‌ನಲ್ಲಿ ಶುರುವಾದ ಎರಡನೆಯ ಹಂತದ ಗುರಿ ಸುಮಾರು 16 ಸಾವಿರ. ಸರ್ವಿಸ್ ವಲಯದ ಹೊಣೆ ಜರ್ಮನಿಯ ಜಿಐಝಡ್ ಸಂಸ್ಥೆಯದ್ದಾಗಿತ್ತು.

2019ರ ಮಾರ್ಚ್‌ನಲ್ಲಿ ಪ್ರಕಟವಾದ ಭಾರತ ತಂಪುಕರಣ ಕ್ರಿಯಾ ಯೋಜನೆ ಸಂಖ್ಯೆಯನ್ನು ಒಮ್ಮೆಲೇ ಮೇಲಕ್ಕೇರಿಸಿತು: 2022–23ರೊಳಗೆ ಒಂದು ಲಕ್ಷ ಮೆಕ್ಯಾನಿಕ್‌ಗಳಿಗೆ ತರಬೇತಿ ಮತ್ತು ಪ್ರಮಾಣಪತ್ರ. ಕೌಶಲ ವಿಕಾಸ ಯೋಜನೆಯಡಿ, ಹಿಂದೆ ಕಲಿತದ್ದನ್ನು ಪರೀಕ್ಷಿಸಿ ಮಾನ್ಯ ಮಾಡುವ ವಿಧಾನ ಇಲ್ಲಿ ಸೇರಿಕೊಂಡಿತು. ಉಸ್ತಾದರ ಬಳಿ ಹತ್ತು ವರ್ಷ ದುಡಿದು, ಎಸ್ಸೆಸ್ಸೆಲ್ಸಿ ಮುಗಿಸದವನಿಗೂ ಸರ್ಕಾರಿ ಕಾಗದ ಸಿಗುವ ದಾರಿ ಇದು. ಈ ಮೂರು ತಾಲ್ಲೂಕುಗಳಂಥ ಕಡೆಗೆ ನಿಜವಾಗಿ ಹೊಂದುವ ಯೋಜನೆ ಯಾವುದೆಂದರೆ ಇದೇ.

ಉರಿಯುವ ಅನಿಲಗಳು

ಆರ್-12ರ ಜಾಗಕ್ಕೆ ಬಂದ ಆರ್-134ಎ ಓಝೋನಿಗೆ ಹಾನಿ ಮಾಡದು, ಭೂಮಿಯನ್ನು ಮಾತ್ರ ಕಾರ್ಬನ್ ಡೈಆಕ್ಸೈಡಿಗಿಂತ 1,430 ಪಟ್ಟು ಬಿಸಿ ಮಾಡುತ್ತದೆ. ಅದಕ್ಕೆ ಹಳೆಯ ಖನಿಜ ಎಣ್ಣೆ ಹೊಂದುವುದಿಲ್ಲ. ಹೊಂದುವ ಎಸ್ಟರ್ ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ, ಡಬ್ಬಿ ತೆರೆದಿಡುವಂತಿಲ್ಲ. ಆಮೇಲೆ ಬಂದ ಮನೆ ಫ್ರಿಜ್‌ಗಳ ಐಸೋಬ್ಯೂಟೇನ್ (ಆರ್-600ಎ) ಮತ್ತು 2012ರ ಬಳಿಕ ಕೆಲವು ಎಸಿಗಳಲ್ಲಿ ಕಾಣಿಸಿದ ಪ್ರೊಪೇನ್ (ಆರ್-290) ಎಂಬ ಹೈಡ್ರೋಕಾರ್ಬನ್‌ಗಳು ಓಝೋನಿಗೂ ಹವೆಗೂ ಸಾಧು, ಆದರೆ ಉರಿಯುತ್ತವೆ. ಮಿಡ್ಜ್‌ಲಿ ಬತ್ತಿ ಆರಿಸಿ ತೋರಿಸಿದ ನಿರ್ಭಯತೆ ಕಸುಬಿನಿಂದ ಹೊರಟದ್ದು ಇಲ್ಲಿ.

ಹೀಗಾಗಿ ಈಚಿನ ತರಬೇತಿಯಲ್ಲಿ ಸುರಕ್ಷತೆಗೇ ಹೆಚ್ಚು ಸಮಯ. ಅನಿಲ ಒಳಗಿರುವಾಗ ಟಾರ್ಚ್ ಹಚ್ಚಬಾರದು, ಕಿಟಕಿ ತೆರೆದಿರಬೇಕು, ಜೋಡಣೆಗೆ ಬೆಂಕಿ ಬೇಡದ ಒತ್ತು ರಿಂಗು, ಆರ್-22ರ ಎಸಿಗೆ ಪ್ರೊಪೇನ್ ಹಾಕುವ ಸಾಹಸ ಸುತರಾಂ ಕೂಡದು. ಅಡುಗೆ ಗ್ಯಾಸನ್ನೇ ಫ್ರಿಜ್‌ಗೆ ತುಂಬುವ ಕೈಚಳಕವನ್ನು ತರಬೇತುದಾರರು ಹೆಸರೆತ್ತಿ ಬಿಡಿಸುತ್ತಾರೆ: ಮಿಶ್ರಣದ ಪ್ರಮಾಣಕ್ಕೆ ಭರವಸೆಯಿಲ್ಲ, ವಾಸನೆಗೆ ಬೆರೆಸಿದ ಗಂಧಕ, ತೇವ ಬೇರೆ, ಮೇಲಾಗಿ ಉರಿಯುವ ಅನಿಲಕ್ಕೆಂದು ಮಾಡಿರದ ಥರ್ಮೋಸ್ಟಾಟ್, ರಿಲೇಗಳ ಕಿಡಿ.

ಲಸಿಕೆಯ ಸರಪಳಿ

ತಾಲ್ಲೂಕುಗಳಲ್ಲಿ ಅನಿಲದ ನಿಯಮಗಳು ಬೀದಿಗಿಂತ ಸಲೀಸಾಗಿ ನಡೆದ ಜಾಗ ಪ್ರಾಥಮಿಕ ಆರೋಗ್ಯ ಕೇಂದ್ರ. 1985ರಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಆರಂಭವಾದ ಮೇಲೆ ಲಸಿಕೆಯನ್ನು 2ರಿಂದ 8 ಡಿಗ್ರಿಯಲ್ಲಿ ಇಡುವ ಐಸ್ ಲೈನ್ಡ್ ರೆಫ್ರಿಜರೇಟರ್ (ಐಎಲ್‌ಆರ್) ಪೆಟ್ಟಿಗೆಗಳು ಹಳ್ಳಿಗಳಿಗೆ ಬಂದವು. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡ ಸಿಎಫ್‌ಸಿ ರಹಿತ ಪೆಟ್ಟಿಗೆಗಳನ್ನೇ ಕೇಳಿದ್ದರಿಂದ ಹಳೆಯವು ಕ್ರಮೇಣ ಬದಲಾದವು. ಖರೀದಿಯನ್ನು ಸರ್ಕಾರ ಮಾಡುತ್ತದೆ, ದುರಸ್ತಿಗೆ ಇಲಾಖೆಯ ತಂತ್ರಜ್ಞ ಇದ್ದಾನೆ, ಅವನಿಗೆ ತರಬೇತಿ ಕೆಲಸದ ಭಾಗ. ಮೂರೂ ಒಂದೆಡೆ ಸೇರಿದ ಈ ಅನುಕೂಲ ಬಜಾರಿನ ಮೆಕ್ಯಾನಿಕ್‌ಗೆ ಇಲ್ಲ.

ಮುಂದಿನ ಗಡುವುಗಳು

2024ರ ಅಂತ್ಯದ ಬಳಿಕ ಆರ್-22 ತುಂಬಿದ ಹೊಸ ಯಂತ್ರಗಳ ತಯಾರಿಕೆಗೆ ಭಾರತದಲ್ಲಿ ಅವಕಾಶವಿಲ್ಲ. 2030ಕ್ಕೆ ಎಚ್‌ಸಿಎಫ್‌ಸಿ ಬಳಕೆ ಬಹುಪಾಲು ನಿಲ್ಲಬೇಕು. ಆ ಬಳಿಕ 2040ರವರೆಗೆ ಹಳೆಯ ಯಂತ್ರಗಳ ದುರಸ್ತಿಗೆ ಮೂಲ ಪ್ರಮಾಣದ ಸರಾಸರಿ ಶೇ 2.5ರಷ್ಟು ಮಾತ್ರ ಸಿಗುತ್ತದೆ. ಮಾಂಟ್ರಿಯಲ್ ಒಪ್ಪಂದದ 2016ರ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಅನುಮೋದಿಸಿರುವುದರಿಂದ ಆರ್-134ಎ, ಆರ್-410ಎ, ಆರ್-32ಗಳಂಥ, ಭೂಮಿಯನ್ನು ಬಿಸಿ ಮಾಡುವ ಎಚ್‌ಎಫ್‌ಸಿ ಅನಿಲಗಳ ಬಳಕೆ 2028ರಲ್ಲಿ ಮಿತಿಗೆ ಬಂದು, 2032ರಿಂದ ಹಂತಹಂತವಾಗಿ ಇಳಿದು, 2047ಕ್ಕೆ ಶೇ 85ರಷ್ಟು ಕಡಿಮೆಯಾಗಬೇಕು. ಅನಿಲ ತುಟ್ಟಿಯಾದಂತೆ ರಿಕವರಿ ಯಂತ್ರದ ಲೆಕ್ಕವೂ ತಿರುಗುತ್ತದೆ: ಗಾಳಿಗೆ ಬಿಡುತ್ತಿದ್ದುದನ್ನು ಮೆಕ್ಯಾನಿಕ್ ಸಿಲಿಂಡರಿನಲ್ಲಿ ಕೂಡಿಡುತ್ತಾನೆ. ಕೂಡಿಟ್ಟದ್ದನ್ನು ಶುದ್ಧ ಮಾಡಿ ಮತ್ತೆ ಬಳಕೆಗೆ ತರುವ ಕೇಂದ್ರಗಳು ಕಲಬುರಗಿಯಂಥ ಜಿಲ್ಲಾ ಪಟ್ಟಣಗಳಲ್ಲಿ ಸಿಕ್ಕರೆ ಮಾತ್ರ ಆ ಸಿಲಿಂಡರ್ ಅಂಗಡಿಯ ಮೂಲೆಯಿಂದ ಹೊರಡುತ್ತದೆ.