ಗೇರುಸೊಪ್ಪೆಯ ಕಾಡುದಾರಿ

ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರದಿಂದ ಶರಾವತಿಯ ಗುಂಟ ಪೂರ್ವಕ್ಕೆ ಸುಮಾರು 30 ಕಿಲೋಮೀಟರು ಸಾಗಿದರೆ ಗೇರುಸೊಪ್ಪೆ. ಅಲ್ಲಿನ ನಗರಬಸ್ತಿಕೇರಿಯ ಕಾಡನ್ನು ಹೊಕ್ಕವರಿಗೆ, ಅನಾದಿಯಿಂದಲೂ ಇದು ನಿರ್ಜನ ಅರಣ್ಯವೆಂದೇ ತೋರುವುದು ಸಹಜ. ಆದರೆ ಆ ಹೆಸರನ್ನೇ ಬಿಡಿಸಿ ನೋಡಬೇಕು. ಅದರಲ್ಲಿ ನಗರವೂ ಉಂಟು, ಬಸದಿಯೂ ಉಂಟು, ಕೇರಿಯೂ ಉಂಟು.

ಇದು ಸಾಳುವ ವಂಶದ ಜೈನ ಅರಸರ ರಾಜಧಾನಿಯಾಗಿತ್ತು. ರಾಣಿ ಚೆನ್ನಭೈರಾದೇವಿಯು 1552ರಿಂದ 1606ರವರೆಗೆ, 54 ವರ್ಷ ಇಲ್ಲಿಂದ ಆಳಿದಳು. ಪೋರ್ಚುಗೀಸರು ಆಕೆಯನ್ನು ಮೆಣಸಿನ ರಾಣಿ ಎಂದು ಕರೆದರು. ಕಾಳುಮೆಣಸು ಬೋಳು ಬಯಲಿನ ಬೆಳೆಯಲ್ಲ. ಅದಕ್ಕೆ ನೆರಳು ಬೇಕು, ತೇವ ಬೇಕು, ಹಬ್ಬಲು ಆಸರೆಯ ಮರ ಬೇಕು. ವ್ಯಾಪಾರ ಬಲ್ಲವರಿಗೆ ಇದರ ಅರ್ಥ ಬೇಗನೆ ಹೊಳೆದೀತು: ಮರ ಉರುಳಿದರೆ ಮಾಲೇ ಇಲ್ಲ. ಆ ರಾಜ್ಯದ ಬೊಕ್ಕಸವು ಮರಗಳನ್ನು ನಂಬಿ ನಿಂತಿತ್ತು.

ಕೆಳದಿಯ ವೆಂಕಟಪ್ಪ ನಾಯಕನಿಂದ ರಾಣಿಯ ಆಳ್ವಿಕೆ ಕೊನೆಗೊಂಡಿತು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ ಹೊನ್ನಾವರದಿಂದ ದೋಣಿಯಲ್ಲಿ ಹೊಳೆಯನ್ನೇರಿ ಇಲ್ಲಿಗೆ ಬಂದು, ಮುಂದೆ ಘಟ್ಟ ಹತ್ತಿ ಇಕ್ಕೇರಿಗೆ ಹೋದನು. ಪಟ್ಟಣವೂ ಅರಮನೆಯೂ ಪಾಳುಬಿದ್ದು ಮರಗಳು ಆವರಿಸಿದ್ದುದನ್ನು ಆತ ಬರೆದಿಟ್ಟಿದ್ದಾನೆ. ಆಗಿನ್ನೂ 17 ವರ್ಷಗಳಷ್ಟೇ ಕಳೆದಿದ್ದವು! ಮಲೆನಾಡಿನ ಮಳೆಗೆ ಅಷ್ಟು ಕಾಲ ಸಾಕು.

ಉಳಿದುದು ಕಲ್ಲಿನ ಕೆಲಸ. ಚತುರ್ಮುಖ ಬಸದಿಗೆ ನಾಲ್ಕು ದಿಕ್ಕಿಗೂ ಬಾಗಿಲು. ಗರ್ಭಗೃಹದಲ್ಲಿ ನಾಲ್ಕು ಕಡೆಗೂ ಮುಖಮಾಡಿ ಕುಳಿತ ಜಿನಬಿಂಬಗಳು. ಎಲ್ಲಿಂದ ಬಂದ ಪಥಿಕನಿಗೂ ದರ್ಶನ ತಪ್ಪದು. ಸುತ್ತಲಿನ ಕಾಲ್ದಾರಿಗಳು ರಾಮಪತ್ರೆ, ಮುರುಗಲು ಮೊದಲಾದ ಮರಗಳು ಬೆಳೆಯುವ ಕಾಡಿನವು. ಸಿಂಗಳೀಕಗಳ ನೆಲೆ ಈ ಕಣಿವೆ. 2019ರಲ್ಲಿ ಸರ್ಕಾರವು ಶರಾವತಿ ಕಣಿವೆಯನ್ನು ಸಿಂಗಳೀಕ ಅಭಯಾರಣ್ಯವೆಂದು ಘೋಷಿಸಿತು.

ನಾಲ್ಕು ಮೊಳ ಮುಂದಿನ ನೆಲವನ್ನು ನೋಡುತ್ತ, ಜೀವಿಗಳಿಗೆ ಬಾಧೆಯಾಗದಂತೆ ನಡೆಯುವುದನ್ನು ನಮ್ಮ ಆಗಮಗಳು ಈರ್ಯಾಸಮಿತಿ ಎನ್ನುತ್ತವೆ. ಇಲ್ಲಿ ಹಾಗೆ ನಡೆದವರಿಗೆ ತರಗೆಲೆಯ ನಡುವೆ ಇರುವೆಯ ಸಾಲೂ ಕಂಡೀತು, ಹಳೆಯ ಕಟ್ಟಡದ ತಳಪಾಯವೂ ಕಂಡೀತು. (ಮಳೆಗಾಲದಲ್ಲಿ ಉಂಬಳಗಳ ಕಾಟ ವಿಪರೀತ, ಚಾತುರ್ಮಾಸ ಕಳೆದ ಮೇಲೆ ಹೋಗುವುದೇ ಲೇಸು.)

ತಳಕಳಲೆ ಹಾಗೂ ಗೇರುಸೊಪ್ಪೆ ಜಲಾಶಯಗಳ ನಡುವೆ ನೀರನ್ನು ಮೇಲೆತ್ತಿ ಇಳಿಸಿ 2000 ಮೆಗಾವಾಟ್ ವಿದ್ಯುತ್ತನ್ನು ಪಡೆಯುವ ಯೋಜನೆಯನ್ನು ಇದೇ ಕಣಿವೆಗಾಗಿ ರೂಪಿಸಲಾಗಿದೆ. ಕಡಿಯಬೇಕಾದ ಮರಗಳನ್ನು ಎಣಿಸುವುದು ಸುಲಭ. ಆ ಬೇರುಗಳ ಕೆಳಗಿರುವ ನಗರಿಯನ್ನು ಎಣಿಸುವವರು ಯಾರು? ಜ್ವಾಲಾಮಾಲಿನೀ ದೇವಿಯ ದರ್ಶನಕ್ಕೆ ಗೇರುಸೊಪ್ಪೆಗೆ ಹೋಗುವ ಶ್ರಾವಕರು ಚತುರ್ಮುಖ ಬಸದಿಯಿಂದಲೇ ಹಿಂದಿರುಗದೆ, ಈ ಕಾಡುದಾರಿಯಲ್ಲಿಯೂ ಮಕ್ಕಳ ಕೈಹಿಡಿದು ಅರ್ಧ ತಾಸು ನಡೆದುಬರಬೇಕು.