ಸೇಝೋಂ

ಫ್ರೆಂಚಿನಲ್ಲಿ 'ಸೇಝೋಂ' ಎಂದರೆ ಋತು. ಬೇರು ಲ್ಯಾಟಿನ್ನಿನ 'ಸಾತಿಯೋ', ಅಂದರೆ ಬಿತ್ತನೆ. ಹೊಲದಲ್ಲಿ ಹುಟ್ಟಿದ ಪದ ಹೊಲದ ಬಿಯರಿಗೇ ಹೆಸರಾಯಿತು. ಬೆಲ್ಜಿಯಂನ ಎನೋ ಪ್ರಾಂತ್ಯದ ರೈತರು ಚಳಿಗಾಲದಲ್ಲಿ ಇದನ್ನು ತಯಾರಿಸಿಟ್ಟು, ಬೇಸಿಗೆಯಲ್ಲಿ ದುಡಿಯುವ ಆಳುಗಳಿಗೆ ಕೊಡುತ್ತಿದ್ದರೆಂಬುದು ರೂಢಿಯ ವಿವರಣೆ.

ಅದೇ ಪ್ರಾಂತ್ಯದ ತೂರ್ಪ್ ಹಳ್ಳಿಯ 'ಸೇಝೋಂ ಡ್ಯೂಪೋಂ' ಇಂದಿಗೂ ಈ ಬಗೆಯ ಬಿಯರಿಗೆ ಮಾದರಿ, ಮದ್ಯಾಂಶ ಶೇ. 6.5. ಇದರ ಯೀಸ್ಟು 30 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಯಲ್ಲೂ ಹುದುಗಿಸಿ, ಸಕ್ಕರೆಯ ಬಹುಪಾಲನ್ನು ತಿಂದುಬಿಡುತ್ತದೆ. ಹಾಗಾಗಿ ಸಿಹಿ ಹುಡುಕಿದವರಿಗೆ ಮೊದಲ ಗುಟುಕು ಸಪ್ಪೆಯೆನಿಸಬಹುದು. ತೀರಾ ತಣ್ಣಗೆ ಕುಡಿಯದೆ, ಮೊದಲು ಮೂಸಿ ನೋಡಬೇಕು: ಕಾಳುಮೆಣಸು, ಕಿತ್ತಳೆ ಸಿಪ್ಪೆಯ ಘಮ ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ.

'ಫಾರ್ಮ್‌ಹೌಸ್ ಏಲ್' ಎಂಬುದು ಸೇಝೋಂಗಿಂತ ವ್ಯಾಪಕವಾದ, ಇಂಥ ಹೊಲದ ಬಿಯರುಗಳಿಗೆಲ್ಲ ಸಲ್ಲುವ ಹೆಸರು. ಉತ್ತರ ಫ್ರಾನ್ಸಿನ 'ಬಿಯೇರ್ ದ ಗಾರ್ದ್' ಕೂಡ ಅದರೊಳಗೆ ಸೇರುತ್ತದೆ.