ಬುಧವಾರ ರಾತ್ರಿಯ ಬಿನಾಕಾ ಗೀತ್‌ಮಾಲಾ: ಶ್ರೋತೃಗಳೇ ಆರಿಸಿದ ಹಾಡುಗಳು

ಅರವತ್ತರ ದಶಕದಲ್ಲಿ ಭಾರತದ ಅಸಂಖ್ಯ ಮನೆಗಳಲ್ಲಿ ಬುಧವಾರ ರಾತ್ರಿ ಎಂಟು ಗಂಟೆಗೆ ರೇಡಿಯೋದ ಮುಳ್ಳು ನೆರೆದೇಶದ ಕೇಂದ್ರವೊಂದರತ್ತ ತಿರುಗುತ್ತಿತ್ತು. ಕೊಲಂಬೊದ ರೇಡಿಯೋ ಸಿಲೋನ್‌ನಿಂದ ಅಮೀನ್ ಸಯಾನಿ ನಿರೂಪಿಸುತ್ತಿದ್ದ ‘ಬಿನಾಕಾ ಗೀತ್‌ಮಾಲಾ’ ಆ ಹೊತ್ತಿಗೆ ಆರಂಭವಾಗುತ್ತಿತ್ತು. ಯಾವ ಹಾಡು ಏರಿತು, ಯಾವುದು ಇಳಿಯಿತು ಎಂಬುದು ಮರುದಿನದ ಮಾತುಕತೆಗೆ ವಸ್ತುವಾಗುತ್ತಿತ್ತು.

ಭಾರತೀಯ ಹಾಡುಗಳು ಸಮುದ್ರ ದಾಟಿ ಬರಬೇಕಾಗಿ ಬಂದುದಕ್ಕೆ ಹಿನ್ನೆಲೆಯಿದೆ. 1952ರಲ್ಲಿ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವರಾದ ಬಿ.ವಿ. ಕೇಸ್ಕರ್ ಅವರು ಶಾಸ್ತ್ರೀಯ ಸಂಗೀತಕ್ಕೆ ಆದ್ಯತೆ ನೀಡಿದರು. ಸರ್ಕಾರಿ ರೇಡಿಯೋದಲ್ಲಿ ಚಿತ್ರಗೀತೆಗಳು ಹಿಂದೆ ಸರಿದವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮಿತ್ರಪಡೆಗಳು ಬಳಸಿದ್ದ ಪ್ರಬಲ ಪ್ರಸಾರ ವ್ಯವಸ್ಥೆ ರೇಡಿಯೋ ಸಿಲೋನ್‌ಗೆ ದಕ್ಕಿತ್ತು. ಮೇಲಿನ ವಾಯುಮಂಡಲದಿಂದ ಪ್ರತಿಫಲಿಸಿ ಬರುವ ಶಾರ್ಟ್‌ವೇವ್ ತರಂಗಗಳು ದೂರದೂರದ ಊರುಗಳನ್ನು ತಲುಪುತ್ತಿದ್ದವು. ದನಿ ಒಮ್ಮೆ ಏರಿ ಒಮ್ಮೆ ಕ್ಷೀಣಿಸುತ್ತಿದ್ದುದಕ್ಕೂ ಅದೇ ಕಾರಣ.

1952ರ ಡಿಸೆಂಬರ್ 3ರಂದು ಆರಂಭವಾದ ಗೀತ್‌ಮಾಲಾಕ್ಕೆ ಬಿನಾಕಾ ಟೂತ್‌ಪೇಸ್ಟ್ ತಯಾರಕರ ಪ್ರಾಯೋಜಕತ್ವವಿತ್ತು. ಕಾರ್ಯಕ್ರಮವನ್ನು ಮುಂಬಯಿಯಲ್ಲಿ ಧ್ವನಿಮುದ್ರಿಸಿ ಟೇಪುಗಳನ್ನು ಕೊಲಂಬೊಗೆ ಕಳುಹಿಸಲಾಗುತ್ತಿತ್ತು. ಮೊದಲಿಗೆ ಹಾಡುಗಳಿಗೆ ಶ್ರೇಯಾಂಕ ಇರಲಿಲ್ಲ. ಬಳಿಕ ಗ್ರಾಮಫೋನ್ ರೆಕಾರ್ಡುಗಳ ಮಾರಾಟ ಹಾಗೂ ಶ್ರೋತೃಗಳ ಅಭಿಪ್ರಾಯ ಆಧರಿಸಿ ಪಟ್ಟಿ ಸಿದ್ಧವಾಗತೊಡಗಿತು. ಪ್ರತಿ ಸ್ಥಾನವನ್ನೂ ಸಯಾನಿ ‘ಪಾಯ್‌ದಾನ್’, ಅಂದರೆ ಮೆಟ್ಟಿಲು, ಎಂದು ಕರೆಯುತ್ತಿದ್ದರು.

ವರ್ಷಾಂತ್ಯದ ಪಟ್ಟಿಗಳಲ್ಲಿ ಜನರ ಅಭಿರುಚಿಯ ವೈವಿಧ್ಯ ಕಾಣುತ್ತದೆ. 1963ರಲ್ಲಿ ರೋಶನ್ ಸಂಯೋಜಿಸಿದ ‘ತಾಜ್ ಮಹಲ್’ ಚಿತ್ರದ ಯುಗಳಗೀತೆ ಅಗ್ರಸ್ಥಾನದಲ್ಲಿತ್ತು. 1965ರಲ್ಲಿ ‘ಸಹೇಲಿ’ ಚಿತ್ರಕ್ಕೆ ಮುಕೇಶ್ ಹಾಡಿದ ವಿಷಾದಗೀತೆ, 1966ರಲ್ಲಿ ‘ಸೂರಜ್’ ಚಿತ್ರಕ್ಕೆ ಮಹಮ್ಮದ್ ರಫಿ ಹಾಡಿದ ಪ್ರೇಮಗೀತೆ, 1967ರಲ್ಲಿ ‘ಮಿಲನ್’ ಚಿತ್ರದ ಜಾನಪದ ಧಾಟಿಯ ಹಾಡು ಮೊದಲ ಸ್ಥಾನ ಪಡೆದವು. ಒಂದೇ ಮಾದರಿಗೆ ಕೇಳುಗರು ಅಂಟಿಕೊಂಡಿರಲಿಲ್ಲ.

ಈ ಜನಪ್ರಿಯತೆಯನ್ನು ಆಕಾಶವಾಣಿಯೂ ಕಡೆಗಣಿಸಲಾಗಲಿಲ್ಲ. 1957ರ ಅಕ್ಟೋಬರ್‌ನಲ್ಲಿ ವಿವಿಧ ಭಾರತಿ ಆರಂಭವಾಯಿತು. ಕೇಸ್ಕರ್ ಆಗಲೂ ಸಚಿವರಾಗಿದ್ದರು. 1967ರಲ್ಲಿ ಅಲ್ಲಿ ಜಾಹೀರಾತುಗಳೂ ಬಂದವು. ಅದೇ ವರ್ಷ ರೇಡಿಯೋ ಸಿಲೋನ್ ನಿಗಮವಾಗಿ ಪುನರ್ರಚನೆಗೊಂಡರೂ ಶ್ರೋತೃಗಳ ಬಾಯಲ್ಲಿ ಹಳೆಯ ಹೆಸರೇ ಉಳಿಯಿತು.

ಗೀತ್‌ಮಾಲಾ 1989ರಲ್ಲಿ ವಿವಿಧ ಭಾರತಿಗೆ ಬಂದು, 1994ರಲ್ಲಿ ನಿಂತಿತು. ಸಯಾನಿ 2024ರ ಫೆಬ್ರವರಿ 20ರಂದು ನಿಧನರಾದರು. ಬೇಕೆಂದಾಗ ಬೇಕಾದ ಹಾಡು ಸಿಗುವ ಇಂದಿನ ದಿನಗಳಲ್ಲಿ, ಮೆಚ್ಚಿನ ಹಾಡಿಗಾಗಿ ಬುಧವಾರದವರೆಗೆ ಕಾಯುವುದು ಹೊಸ ತಲೆಮಾರಿಗೆ ವಿಚಿತ್ರವೆನಿಸಬಹುದು. ಆದರೆ ಒಂದೇ ಹಾಡಿಗಾಗಿ ನಾಡಿನ ಉದ್ದಗಲಕ್ಕೂ ಒಂದೇ ಗಳಿಗೆಯಲ್ಲಿ ಕಿವಿಗೊಟ್ಟು ಕುಳಿತ ಅನುಭವ ಆ ತಲೆಮಾರಿಗೇ ಮೀಸಲು.